ಮುಂಬೈ ಪಗಾರ, ಬೀದರಿನ ಬರ

ಹೊಸದಾಗಿ ದೊಡ್ಡ ಪಗಾರ ಹಿಡಿದವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದನೇ ತಾರೀಖಿಗೆ ಪಗಾರ ಬಂದಷ್ಟೇ ಕರಾರುವಾಕ್ಕಾಗಿ ಯಾರಾದರೊಬ್ಬರ ಬುದ್ಧಿ ಕೆಡುತ್ತದೆ. ಎಷ್ಟೋ ತಿಂಗಳು ಅದು ನನ್ನದೇ ಆಗಿರುತ್ತಿತ್ತು.

ನಾನು ಬೀದರ ಜಿಲ್ಲೆಯ ಔರಾದಿನವಳು. ಅಪ್ಪ ಪ್ರಾಥಮಿಕ ಸಾಲಿ ಮಾಸ್ತರ. ಅವ್ವನಿಗೆ ಮನೆ, ಜೊತೆಗೆ ಎರಡೆಕರೆ ಒಣ ಹೊಲ. ಸಿಎ ಪಾಸಾದ ವರ್ಷವೇ ಮುಂಬೈಯ ಒಂದು ಫೈನಾನ್ಸ್ ಕಂಪನಿ ನನ್ನನ್ನು ಆರಿಸಿಕೊಂಡಿತು. ಮೂವತ್ತು ವರ್ಷ ಖಡು ಹಿಡಿದು ಕಪ್ಪು ಹಲಗೆ ಸವೆಸಿದ ಅಪ್ಪನ ಪಗಾರಕ್ಕಿಂತ ನನ್ನ ಮೊದಲ ತಿಂಗಳ ಪಗಾರ ಹೆಚ್ಚು. ಆದರೆ ಒಂದು ಷರತ್ತಿತ್ತು: ಮೊದಲ ಎರಡು ವರ್ಷ ‘ಗ್ರಾಮೀಣ ಭಾರತವನ್ನು ಅರಿಯಬೇಕು’. ನಾನು ಅಲ್ಲಿಂದಲೇ ಬಂದವಳು, ಅರಿತು ಅರಿತು ಸಾಕಾಗಿದೆ ಎಂದರೆ ಕೇಳುವವರು ಯಾರು? ಪುಣೆ ಕೊಡಿ ಎಂದು ಬರೆದೆ. ಬೀದರ ಕೊಟ್ಟರು.

ಮುಂಬೈಯಲ್ಲಿ ಆ ಪಗಾರದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಬೀದರಿನಲ್ಲಿ ತಿರುಗಿ ನೋಡದವರೇ ಇಲ್ಲ. ಅದೂ ಎಂಥ ಕಾಲ? ಮಳೆ ಎರಡನೇ ವರ್ಷವೂ ಕೈಕೊಟ್ಟಿತ್ತು. ಔರಾದಿನಿಂದ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟವರಿಂದ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರುವ ಬಸ್ಸುಗಳು ಖಾಲಿ. ಹಾಗೆ ಖಾಲಿ ಬಸ್ಸಿನಲ್ಲಿ ಕಾಲು ಚಾಚಿಕೊಂಡು, ನೌಕರಿಗೆಂದು ಜಿಲ್ಲೆಯ ಒಳಗೆ ಬಂದವಳು ನಾನೊಬ್ಬಳೇ ಇರಬೇಕು.

೧. ಹನ್ನೆರಡರ ಭಾಗಾಕಾರ

ನಮ್ಮ ಕಾಕಾ ಭಾಲ್ಕಿಯಲ್ಲಿ ತೊಗರಿ ಅಡತಿ ಅಂಗಡಿಯೊಂದರ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಬರೆಯುವವರು. ನನ್ನ ನೇಮಕದ ಪತ್ರ ಬಂದ ದಿನ ಅವರು ಔರಾದಿಗೆ ಬಂದಿದ್ದರು. ಪತ್ರ ಇಂಗ್ಲಿಷಿನಲ್ಲಿತ್ತು. ಕಾಕಾ ಅಕ್ಷರಗಳನ್ನು ಬಿಟ್ಟು ಅಂಕಿಯನ್ನಷ್ಟೇ ಓದಿದರು. ಅದು ವರ್ಷದ ಪಗಾರ. ಅವರು ತಿಂಗಳದ್ದು ಅಂದುಕೊಂಡರು.

ಅಷ್ಟಕ್ಕೇ ಸುಮ್ಮನಿದ್ದರೆ ಅವರು ಕಾಕಾ ಹೇಗಾದಾರು? ಭಾಲ್ಕಿ ಸ್ಟೇಷನ್ ಎದುರಿನ ಚಹಾದ ಹೋಟೆಲಿನಲ್ಲಿ ನಿಂತು ಹೇಳಿದರು. ಮುಂದಿನ ಐತವಾರ ನಮ್ಮ ಮನೆಯಲ್ಲಿ ಕೂರಲು ಜಾಗವಿಲ್ಲ. ವಿಮೆ ಏಜೆಂಟ್ ಬಂದ. ಬೀದರ ಪಕ್ಕದ ಕೊಳಾರ ಕಡೆ ಪ್ಲಾಟು ಮಾರುವವನು ನಕ್ಷೆ ಹಿಡಿದು ಬಂದ. ವಾಲಿಬಾಲ್ ಪಂದ್ಯಕ್ಕೆ ಚಂದಾ ಎತ್ತುವ ಸಂಘದ ಅಧ್ಯಕ್ಷರು ನಾಲ್ವರು ಆಟಗಾರರೊಂದಿಗೆ ಬಂದರು. ಹತ್ತು ವರ್ಷ ಮಾತು ಬಿಟ್ಟಿದ್ದ ಸೋದರತ್ತೆ ಬಂದು ನನ್ನ ಗದ್ದ ಹಿಡಿದು, “ನಿನ್ನ ತೊಟ್ಟಲದಾಗ ಹಾಕಿದಾಕಿ ನಾನೇ ಅದೀನಿ” ಅಂದಳು.

ಅಪ್ಪ ಎಲ್ಲರನ್ನೂ ನೋಡಿದರು. ಜಗಳವಾಡುವ ಸ್ವಭಾವ ಅವರದಲ್ಲ. ಒಳಗಿನಿಂದ ಪಾಟಿ ತಂದು, ಗೋಡೆಗೆ ಒರಗಿಸಿ, ಆ ಅಂಕಿ ಬರೆದರು.

“ಇದು ವರ್ಷದ್ದು. ಹನ್ನೆರಡರಿಂದ ಭಾಗಿಸ್ರಿ” ಅಂದರು. ಸಾಲಿಯಲ್ಲಿ ಕೇಳುವ ದನಿಯಲ್ಲೇ.

ಪ್ಲಾಟಿನವನು ನಕ್ಷೆ ಸುತ್ತಿಕೊಂಡ.

“ಇದರಾಗ ಭವಿಷ್ಯ ನಿಧಿ ಕಳೀರಿ.” ಆಟಗಾರರು ಎದ್ದರು. “ಇನ್ಕಮ್ ಟ್ಯಾಕ್ಸ್ ಕಳೀರಿ.” ಅಧ್ಯಕ್ಷರು ಎದ್ದರು. “ಪತ್ರದಾಗಿನ ಈ ಬಾಬತ್ತು ಖರೇ ರೊಕ್ಕ ಅಲ್ಲ. ಕಂಪನಿಯವರು ಕಾಗದದ ಮ್ಯಾಲ ತೋರಸ್ತಾರ, ಕೈಗಿ ಕೊಡಂಗಿಲ್ಲ. ಇದನ್ನೂ ಕಳೀರಿ.” ಸೋದರತ್ತೆಗೆ ಬಸ್ಸಿನ ಹೊತ್ತು ನೆನಪಾಯಿತು. ವಿಮೆ ಏಜೆಂಟ್ ಮಾತ್ರ ಕುಳಿತಿದ್ದ, ಅವನ ಚಹಾ ಇನ್ನೂ ಬಂದಿರಲಿಲ್ಲ.

ಕೊನೆಗೆ ಉಳಿದ ಅಂಕಿಯನ್ನು ಕಾಕಾ ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಅಂದರು: “ಅಂದ್ರ ಮಗಳ, ನಿನ್ನ ಪಗಾರಕ್ಕ ನಮಗಿಂತ ಹತ್ರದ ನೆಂಟರು ಇಷ್ಟು ಮಂದಿ ಅದಾರಂದಂಗಾಯ್ತು. ನಾವು ಸುಮ್ಮ ತಡಾ ಮಾಡಿ ಬಂದೀವಿ.”

೨. ಸ್ನಾನದ ತೊಟ್ಟಿ

ದೊಡ್ಡ ಪಗಾರ ಬಂದ ಮೇಲೆ ದೊಡ್ಡ ಮನೆ ಬೇಕು ಎಂದು ನನಗೆ ಅನ್ನಿಸಲಿಲ್ಲ. ಆಫೀಸಿನವರಿಗೆ ಅನ್ನಿಸಿತು. “ನಿಮ್ಮ ಹುದ್ದೆಗೆ ಒಪ್ಪುವ ಮನೆಯಲ್ಲಿರಿ” ಎಂದು ಮುಂಬೈಯಿಂದ ಬರೆದರು. ನಾನೂ ಉಬ್ಬಿದೆ. ಬೀದರಿನಲ್ಲಿ ಹೊಸದಾಗಿ ಕಟ್ಟಿದ್ದ, ಮೇಲಿನ ಮಾಳಿಗೆಯ, ಅಮೃತಶಿಲೆಯ ನೆಲದ ಫ್ಲ್ಯಾಟೊಂದನ್ನು ಹಿಡಿದೆ. ಬಾತ್‌ರೂಮಿನಲ್ಲಿ ಮನುಷ್ಯ ಮಲಗಬಹುದಾದಷ್ಟು ಉದ್ದದ ಬಿಳಿ ತೊಟ್ಟಿ, ಅಂದರೆ ಬಾತ್‌ಟಬ್. ಸಿನಿಮಾದಲ್ಲಿ ನೊರೆಯೊಳಗೆ ಕುಳಿತು ಫೋನು ಮಾಡುತ್ತಾರಲ್ಲ, ಅಂಥದ್ದು. ಕಿರಾಯಿ ಕೇಳಿದಾಗ ಮಾಲಕರು ಮೊದಲು ನನ್ನ ಕಂಪನಿಯ ಹೆಸರು ಕೇಳಿ, ಆಮೇಲೆ ಅಂಕಿ ಹೇಳಿದರು.

ಮೊದಲ ದಿನ ನೊರೆಗೆಂದು ದುಬಾರಿ ಸೋಪು ಸುರಿದು ನಳ ತಿರುಗಿಸಿದೆ. ‘ಹುಸ್’ ಎಂದಿತು. ಮಾಲಕರಿಗೆ ಫೋನು ಮಾಡಿದೆ.

“ಸರ್, ನಳದಾಗ ಬರೇ ಗಾಳಿ ಬರ್ಲತ್ತದ್ರಿ.”

“ಜೋರು ಬರ್ಲತ್ತದೇನ್ರಿ?”

“ಜೋರು ಬರ್ಲತ್ತದ.”

“ಹಂಗಾರ ಪೈಪು ಬರೋಬ್ಬರಿ ಅದಾವ, ಚಿಂತಿ ಮಾಡಬ್ಯಾಡ್ರಿ” ಎಂದು ಇಟ್ಟುಬಿಟ್ಟರು.

ತಿಂಗಳ ನಂತರ ಅವ್ವ ಬಂದಳು. ಮೊದಲು ಅಮೃತಶಿಲೆಯ ಮೇಲೆ ಜಾರಿದಳು. ಆಮೇಲೆ ಬಾತ್‌ರೂಮಿಗೆ ಹೋಗಿ ತೊಟ್ಟಿ ನೋಡಿ, “ಮ್ಯಾಲಿನ ಮಾಳಗಿಗಿ ದನಾ ಹ್ಯಾಂಗ ಹತ್ತಸ್ತಾರವ್ವ?” ಎಂದು ಕೇಳಿದಳು. ಮರುದಿನ ನಾನು ಆಫೀಸಿನಿಂದ ಬರುವ ಹೊತ್ತಿಗೆ, ಊರಿನಿಂದ ತಂದಿದ್ದ ಜೋಳವನ್ನೆಲ್ಲ ಅದರಲ್ಲಿ ಸುರಿದು, ಹುಳ ಹಿಡಿಯದಂತೆ ಬೇವಿನ ಸೊಪ್ಪು ಬೆರೆಸಿ, ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದಳು.

ಕಿರಾಯಿಗೆಂದು ಬಂದ ಮಾಲಕರು ಅದನ್ನು ಕಂಡು ಹೌಹಾರಿದರು. “ಏನ್ರೀ ಇದು, ಪರದೇಶದ ಟಬ್ಬಿನ್ಯಾಗ ಯಾರರ ಜ್ವಾಳಾ ಇಡ್ತಾರೇನ್ರಿ?”

ಅವ್ವ ಸೆರಗು ಸರಿ ಮಾಡಿಕೊಂಡು ಶಾಂತವಾಗಿ ಹೇಳಿದಳು: “ನೀವು ನಳದಾಗ ಗಾಳಿ ಇಟ್ಟೀರಿ, ನಾವು ಟಬ್ಬಿನ್ಯಾಗ ಜ್ವಾಳಾ ಇಟ್ಟೀವಿ. ಎರಡರಾಗ ಯಾವುದು ತಿನ್ನಲಿಕ್ಕ ಬರ್ತದ, ನೀವೇ ಹೇಳ್ರಿ.”

೩. ಜಾಮೀನುದಾರರು

ನನ್ನ ಕೆಲಸವೆಂದರೆ ಸಾಲ ಕೇಳಿ ಬಂದವರ ಕಾಗದಪತ್ರ ನೋಡಿ, ಕೊಡಬಹುದೋ ಬಾರದೋ ಹೇಳುವುದು. ದಿನಕ್ಕೆ ಮೂವತ್ತು ಫೈಲು. ಬೆಳಗಿನ ಏಳೂವರೆಗೆ ಮುಂಬೈಯ ಫೋನು, ಆಮೇಲೆ ಊಟದ ನೆನಪೂ ಇಲ್ಲ. ಹೀಗೆ ಆರು ತಿಂಗಳು ಕಳೆದರೆ ಎದುರು ಬಂದ ಮನುಷ್ಯ ಮನುಷ್ಯನಾಗಿ ಕಾಣುವುದಿಲ್ಲ. ಅರ್ಜಿಯಾಗಿ ಕಾಣುತ್ತಾನೆ.

ಆ ಸ್ಥಿತಿಯಲ್ಲಿದ್ದಾಗಲೇ ಬೀದರಿನ ಒಂದು ಮನೆತನದವರು ಕನ್ಯಾ ನೋಡಲು ಔರಾದಿಗೆ ಬಂದರು. ವರ ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಅವತ್ತು ಅವನ ಬಾಯಿಗೆ ರಜೆ ಇತ್ತು. ಅವ್ವ ಕೊಟ್ಟ ಅವಲಕ್ಕಿಯನ್ನು ಒಂದೊಂದೇ ಕಾಳಾಗಿ ತಿನ್ನುತ್ತ ಕುಳಿತಿದ್ದ. ಮಾತೆಲ್ಲ ಅವನ ತಂದೆ ತಾಯಿಯದು.

“ಪಗಾರ ವರ್ಷಾ ವರ್ಷಾ ಏರ್ತದೇನ್ರಿ?” ತಂದೆ ಕೇಳಿದರು.

“ಏರ್ತದ್ರಿ” ಅಂದರು ಅಪ್ಪ.

“ಬೋನಸ್?”

“ಅದೂ ಅದ್ರಿ.”

“ರಿಟೈರ್ ಎಂದು ಆಗ್ತಾರ?”

ನನಗೆ ಇಪ್ಪತ್ತೈದು ತುಂಬಿ ಎರಡು ತಿಂಗಳಾಗಿತ್ತು.

ತಾಯಿ ಗಂಟಲು ಸರಿ ಮಾಡಿಕೊಂಡರು. “ಒಂದು ಮಾತು ಮೊದಲೇ ಹೇಳ್ತೇನಿ. ಮುಂಜಾನಿ ಹೊಂಟು ಕತ್ತಲಾದ ಮ್ಯಾಲ ಬರೋ ಸೊಸಿ ನಮ್ಮ ಮನಿತನಕ್ಕ ಒಪ್ಪಂಗಿಲ್ಲ. ಹೆಣ್ಣಮಗಳು ಮನ್ಯಾಗ ಇರಬೇಕು.”

“ಆಯ್ತ್ರಿ, ನೌಕರಿ ಬಿಡ್ತೇನಿ” ಎಂದೆ. ಅವರ ಮುಖ ಹೇಗಾಗುತ್ತದೆ ನೋಡೋಣ ಎಂದೇ ಅಂದದ್ದು.

ತಂದೆಯ ಕೈಯಲ್ಲಿದ್ದ ಬಸಿ ತುಳುಕಿ ಚಹಾ ಧೋತರದ ಮೇಲೆ ಬಿತ್ತು. “ಬಿಡೋದು ಯಾಕವ್ವ! ಯಾರು ಬಿಡು ಅಂದ್ರು? ಮನ್ಯಾಗ ಇರಬೇಕು, ಪಗಾರ ಬರ್ತಿರಬೇಕು, ಅಷ್ಟೇ. ಕಂಪನಿಯವರಿಗಿ ಜರಾ ಕೇಳಿ ನೋಡು.”

ಅಡುಗೆಮನೆಯಿಂದ ಅವ್ವನ ದನಿ ಬಂತು: “ಹಂಗಾರ ಪಗಾರಕ್ಕ ಅಕ್ಷತಾ ಹಾಕಿ ಒಯ್ರಿ. ಹುಡುಗಿ ನಮ್ಮ ಹಂತ್ಯಾಕ ಇರ್ಲಿ.”

ಅವರು ಹೋದ ಮೇಲೆ ಅಪ್ಪ ನನ್ನ ಅಭಿಪ್ರಾಯ ಕೇಳಿದರು. “ಹುಡುಗ ಹ್ಯಾಂಗ ಅನಸ್ತು?”

“ಅಪ್ಪಾ, ಅರ್ಜಿದಾರ ಒಂದು ಮಾತೂ ಆಡಲಿಲ್ಲ. ಜಾಮೀನುದಾರರು ಇಬ್ಬರೇ ಮಾತಾಡಿದ್ರು. ಇಂಥಾ ಫೈಲು ನಾ ಇಲ್ಲಿ ತನಕ ಒಂದೂ ಪಾಸ್ ಮಾಡಿಲ್ಲ.”

೪. ಹೆಜ್ಜೆಗಳ ಬಹುಮಾನ

ಕುರ್ಚಿ ಬಿಟ್ಟು ಏಳಲು ಬಿಡದ ನಮ್ಮ ಕಂಪನಿಗೆ ಒಂದು ದಿನ ನಮ್ಮ ಆರೋಗ್ಯದ ಚಿಂತೆ ಹತ್ತಿತು. ‘ಆಗಾಗ ಎದ್ದು ಅಡ್ಡಾಡಿ’ ಎಂಬ ಪತ್ರ ಬಂತು. ಐದು ನಿಮಿಷದೊಳಗೆ ಕುಳಿತಲ್ಲಿಂದಲೇ ಉತ್ತರ ಕಳಿಸಬೇಕೆಂಬ ಸೂಚನೆಯೂ ಅದರಲ್ಲೇ ಇತ್ತು.

ಜೊತೆಗೆ ಎಲ್ಲರ ಮುಂಗೈಗೂ ಒಂದೊಂದು ಕರಿಯ ಪಟ್ಟಿ ಕಳಿಸಿದರು. ನಡೆದ ಹೆಜ್ಜೆಗಳನ್ನು ಅದು ಎಣಿಸುತ್ತದೆ. ಒಂದು ವಾರದಲ್ಲಿ ಯಾರು ಅತಿ ಹೆಚ್ಚು ನಡೆಯುತ್ತಾರೋ ಅವರಿಗೆ ಮೊದಲ ಬಹುಮಾನ. ನನ್ನ ಪಟ್ಟಿ ಮೊದಲ ದಿನ ತೋರಿಸಿದ ಲೆಕ್ಕ ನೋಡಿದರೆ, ನಾನು ಬದುಕಿದ್ದೇನೆ ಎಂಬುದಕ್ಕೂ ಸಾಕ್ಷಿ ಸಾಲದು.

ನನಗೆ ಸೋಲುವುದು ಗೊತ್ತಿಲ್ಲ. ದೊಡ್ಡ ಪಗಾರದವರ ರೋಗ ಅದು. ಐತವಾರ ಔರಾದಿಗೆ ಹೋದವಳು ಪಟ್ಟಿಯನ್ನು ಅವ್ವನ ಕೈಗೆ ಕಟ್ಟಿದೆ. “ಒಂದು ವಾರ ತೆಗೀಬ್ಯಾಡವ್ವ” ಎಂದೆ. ಬಳೆಗಳ ನಡುವೆ ಅದೊಂದು ಕರಿಯ ಬಳೆಯಂತೆ ಕುಳಿತುಕೊಂಡಿತು.

ನಮ್ಮ ಓಣಿಯ ಬೋರು ಬತ್ತಿ ಎರಡು ತಿಂಗಳಾಗಿತ್ತು. ನೀರಿಗೆ ಊರಾಚೆಯ ತೋಟದ ಬಾವಿಗೆ ಹೋಗಬೇಕು. ಮುಂಜಾನೆ ನಾಲ್ಕು ಸಲ, ಸಂಜೆ ನಾಲ್ಕು ಸಲ. ನಡುವೆ ಹೊಲ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕಟ್ಟಿದ್ದೆ. ನಾಚಿಕೆ ಆಗಬೇಕಿತ್ತು. ಆದರೆ ನನ್ನ ಮನಸ್ಸು ಬಹುಮಾನದ ಮೇಲಿತ್ತು.

ಮುಂದಿನ ಐತವಾರ ಅವ್ವ ಹೇಳಿದಳು, “ಇದಕ್ಕ ಏನೋ ಆಗ್ಯಾದ ನೋಡು. ನಡದು ನಡದು ಕಾಲು ನೋಯ್ಲತ್ತಾಗ ಗುರ್ ಅಂತ ನಡಗತದ, ಒಂದು ನಕ್ಷತ್ರ ತೋರಸ್ತದ.”

“ಅದು ಶಾಬ್ಬಾಸ್ ಅನ್ಲತ್ತದ ಅವ್ವ.”

“ಶಾಬ್ಬಾಸ್ ಅಂದ್ರ ಏನು ಬಂತು? ಒಂದು ಕೊಡಾ ಹೊರು ಅನ್ನು ಅದಕ್ಕ.”

ಫಲಿತಾಂಶ ಬಂತು. ಎರಡನೇ ಸ್ಥಾನದವನು ಮುಂಬೈಯಲ್ಲಿ ದಿನವೂ ಸಮುದ್ರದ ದಂಡೆಯಲ್ಲಿ ಓಡುವವನಂತೆ. ಅವನಿಗೂ ನನಗೂ, ಅಂದರೆ ಅವ್ವನಿಗೂ, ಅರ್ಧಕ್ಕರ್ಧ ಅಂತರ. ಮುಂಬೈಯ ದೊಡ್ಡ ಸಾಹೇಬರು ಎಲ್ಲ ಶಾಖೆಗಳಿಗೂ ಬರೆದರು: ‘ಬೀದರಿನ ಈ ಹೆಣ್ಣುಮಗಳಿಂದ ಕಲಿಯಿರಿ.’ ಅದು ಒಂದು ರೀತಿಯಲ್ಲಿ ಸರಿಯಾಗಿಯೇ ಇತ್ತು.

ಬಹುಮಾನದ ಡಬ್ಬಿಯನ್ನು ಹಾಗೇ ಒಯ್ದು ಅವ್ವನ ಕೈಗೆ ಕೊಟ್ಟೆ. ಬಿಚ್ಚಿದಳು. ಒಳಗೆ ಥಳಥಳ ಹೊಳೆಯುವ ನೀರಿನ ಬಾಟಲಿ. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: “ಇಷ್ಟೆಲ್ಲಾ ನಡದಿದ್ದಕ್ಕ ಒಂದೇ ಲೀಟರೇನು?”

೫. ತಿಂಗಳಿಗೆ ಹನ್ನೊಂದು ಕುರಿ

ಬರಗಾಲದಲ್ಲಿ ಜನ ಕಂಗಾಲಾದರೆ ನಮ್ಮ ಕಂಪನಿಗೆ ಅದರಲ್ಲಿ ಅವಕಾಶ ಕಂಡಿತು. ಬೆಳೆ ಇಲ್ಲದ ಕಡೆ ಕುರಿ ಇರುತ್ತವೆ, ಕುರಿ ಇದ್ದವರಿಗೆ ಸಾಲ ಕೊಡಿ ಎಂದು ಹೊಸ ಯೋಜನೆ ಹೊರಡಿಸಿದರು. ಯಾರೂ ಕೇಳಿರಲಿಲ್ಲ. ಕೇಳದವರ ಮನೆ ಬಾಗಿಲಿಗೆ ಹೋಗಿ ಕೊಡುವುದೇ ನಮ್ಮ ವಿಶೇಷ.

ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೊಡ್ಡ ಹಿಂಡಿನ ಒಬ್ಬ ಮುದುಕ, ಊರಿಗೆಲ್ಲ ಮುತ್ಯಾ, ಇದ್ದಾನೆಂದು ತಿಳಿದು ಜೀಪಿನಲ್ಲಿ ಹೋದೆ. ಇಸ್ತ್ರಿ ಮಾಡಿದ ಬಟ್ಟೆ, ಹಿಮ್ಮಡ ಎತ್ತರದ ಚಪ್ಪಲಿ. ಹಿಕ್ಕೆಯ ಮೇಲೆ ಕಾಲಿಟ್ಟು ಮೊದಲ ಹೆಜ್ಜೆಗೇ ಹೊರಳಿದೆ. ಮುತ್ಯಾ ಕೈ ಹಿಡಿದು ನಿಲ್ಲಿಸಿ, ಕಂಬಳಿ ಹಾಸಿ ಕೂಡಿಸಿದ. ಅವನ ಮನೆಯವರು ಗಂಟು ಮೂಟೆ ಕಟ್ಟುತ್ತಿದ್ದರು. ಮೇವು ಹುಡುಕಿಕೊಂಡು ಮರುದಿನವೇ ಗೋದಾವರಿ ಕಡೆ ಹೊರಡುವವರು.

ಫಾರ್ಮು ತೆಗೆದೆ. “ಶಾಶ್ವತ ವಿಳಾಸ ಹೇಳು ಮುತ್ಯಾ.”

“ಹುಲ್ಲು ಎಲ್ಲಿ ಅದ, ಅಲ್ಲಿ ಅಂತ ಬರಕೋ.”

“ಮನ್ಯಾಗ ಏಸಿ ಅದೇನು?”

“ಅದು ಏನು ತಿಂತದ?”

ಪೆನ್ನು ಮುಚ್ಚಿದೆ. “ಸಾಲಾ ಬ್ಯಾಡೇನು ಮುತ್ಯಾ?” ಎಂದೆ.

“ಕುರಿ ಅದಾವ, ಕಾಲು ಅದಾವ. ಸಾಲಾ ಯಾಕ ಬೇಕು?” ಎಂದವನೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿನಗ ಪಗಾರ ಎಷ್ಟು ಕೊಡ್ತಾರವ್ವ?”

ಹೇಳಿದೆ. ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮುತ್ಯಾ ಬೆರಳು ಮಡಚಿ ಎಣಿಸಿದ. “ಹನ್ನೊಂದು ಕುರಿ, ಒಂದು ಮರಿ. ತಿಂಗಳಾ ತಿಂಗಳಾ?”

“ತಿಂಗಳಾ ತಿಂಗಳಾ.”

“ಎಷ್ಟು ತಿಂಗಳಾಯ್ತು?”

“ಹತ್ತು.”

“ಅಬ್ಬಬ್ಬಾ! ಹಂಗಾರ ನಿಂದು ನನಗಿಂತ ದೊಡ್ಡ ಹಿಂಡು. ಎಲ್ಲಿ ಬಿಟ್ಟಿದಿ?”

ಕಿರಾಯಿ, ಹುದ್ದೆಗೆ ಒಪ್ಪುವ ಬಟ್ಟೆ, ಹುದ್ದೆಗೆ ಒಪ್ಪುವ ಫೋನು, ಐತವಾರ ದಣಿವು ಆರಿಸಿಕೊಳ್ಳಲು ಹೈದರಾಬಾದಿನ ಹೋಟೆಲು, ಕೂತು ಕೂತು ನೋಯುವ ಬೆನ್ನಿಗೆ ದವಾಖಾನೆ. ಇದನ್ನೆಲ್ಲ ಮುತ್ಯಾನಿಗೆ ಹೇಗೆ ಹೇಳುವುದು? “ಒಂದೂ ಉಳಿದಿಲ್ಲ ಮುತ್ಯಾ” ಅಂದೆ.

ಅವನು ನಗಲಿಲ್ಲ. ಗಾಬರಿಯಾಗಿ ನನ್ನ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಹೇಳಿದ: “ನೂರಾ ಹತ್ತು ಕುರಿ ಹೋಗ್ಯಾವ ಅಂದ್ರ ತೋಳ ಹೊರಗಿನದು ಅಲ್ಲ ಮಗಳ. ಹಿಂಡಿನಾಗೇ ಅದ. ಸಾಲಾ ಕೊಡೋದು ಬಿಟ್ಟು ಮೊದಲ ಒಂದು ನಾಯಿ ಸಾಕು.”

೬. ಪ್ರಭಾತ ಗ್ರಾಹಕ ಸಭೆ

ಬೇಸಿಗೆ ಏರಿದಂತೆ ಬೀದರಿನ ನಮ್ಮ ಓಣಿಗೆ ಮುಂಜಾನೆ ಏಳೂವರೆಗೆ ನೀರಿನ ಟ್ಯಾಂಕರ್ ಬರತೊಡಗಿತು. ಮುಂಬೈಯ ದೊಡ್ಡ ಸಾಹೇಬರು ಫೋನು ಮಾಡುವುದೂ ಏಳೂವರೆಗೇ. ಎರಡರಲ್ಲಿ ಯಾವುದು ತಪ್ಪಿದರೂ ನನ್ನ ದಿನ ಕೆಟ್ಟಂತೆ. ಹೀಗಾಗಿ ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಪಾಳಿಯಲ್ಲಿ ನಿಲ್ಲುತ್ತಿದ್ದೆ.

ಒಂದು ದಿನ ನನ್ನ ಬೆನ್ನ ಹಿಂದೆ ಜಗಳ ಹತ್ತಿತು. “ಏ, ನಂದು ಮೊದಲ ಅದ!” “ಎಲ್ಲಿ ಅದ ನಿಂದು?” ಎಂಬ ಕೂಗು ಮುಂಬೈಗೂ ಕೇಳಿಸಿತು.

“ಏನದು ಗದ್ದಲ?” ಸಾಹೇಬರು ಹಿಂದಿಯಲ್ಲಿ ಕೇಳಿದರು.

ಹೆದರಿದ ನಾಲಿಗೆ ತಾನಾಗಿಯೇ ಹೊರಳಿತು. “ಗ್ರಾಹಕರ ಸಭೆ ಸರ್, ಅವರ ಮನೆ ಬಾಗಿಲಲ್ಲೇ. ಎಲ್ಲರೂ ನನ್ನದೇ ಮೊದಲು ಎನ್ನುತ್ತಿದ್ದಾರೆ.”

ಆ ಕಡೆಯಿಂದ ಗದ್ಗದ ದನಿ. “ಏಳೂವರೆಗೆ? ಮನೆ ಬಾಗಿಲಲ್ಲಿ? ಅದ್ಭುತ!”

ಹದಿನೈದು ದಿನದಲ್ಲಿ ಅದು ಯೋಜನೆಯಾಯಿತು. ‘ಪ್ರಭಾತ ಗ್ರಾಹಕ ಸಭೆ’ ಎಂದು ಹೆಸರಿಟ್ಟು ಎಲ್ಲ ಶಾಖೆಗಳಿಗೂ ಹೇರಿದರು. ಕೊಲ್ಹಾಪುರದವನು, ಮಂಗಳೂರಿನವಳು, ಎಲ್ಲರೂ ಮುಂಜಾನೆ ಏಳೂವರೆಗೆ ಜನರ ಬಾಗಿಲು ಬಡಿದು ಬೈಸಿಕೊಳ್ಳತೊಡಗಿದರು. ನನಗೆ ಪ್ರಶಂಸಾಪತ್ರ ಬಂತು. ಖರೇ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಆದರೆ ಪಗಾರದ ರುಚಿ ಹತ್ತಿದ ಬಾಯಿ ತೆರೆಯುವುದು ಸುಲಭ, ಅದರಿಂದ ಖರೇ ಮಾತು ಹೊರಡುವುದು ಕಷ್ಟ.

ಆಮೇಲೆ ಆಗಬಾರದ್ದು ಆಯಿತು. ಸಭೆಯನ್ನು ಕಣ್ಣಾರೆ ನೋಡಲು ದೊಡ್ಡ ಸಾಹೇಬರೇ ಬರುತ್ತೇನೆಂದರು.

ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಮಗಳು ಸುಳ್ಳು ಹೇಳಿ ನೌಕರಿ ಕಳಕೊಂಡಳು ಎಂದಾದರೆ ಔರಾದಿನಲ್ಲಿ ಅಪ್ಪ ತಲೆ ಎತ್ತುವುದು ಹೇಗೆ? ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂದವರು. ಸಾಹೇಬರು ಬಂದ ಕೂಡಲೇ ಒಪ್ಪಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡೆ.

ಒಪ್ಪಿಕೊಳ್ಳಲು ಹೊತ್ತೇ ಸಿಗಲಿಲ್ಲ. ಅವತ್ತು ಟ್ಯಾಂಕರ್ ಕೆಟ್ಟು ಎಲ್ಲೋ ನಿಂತಿತ್ತು. ನಲವತ್ತು ಮಂದಿ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಉರಿಯುತ್ತ ನಿಂತಿದ್ದರು. ಆ ಹೊತ್ತಿಗೆ ಓಣಿಯೊಳಗೆ ಬಿಳಿಯ ಕಾರು ಬಂತು. ಕೋಟು ಹಾಕಿದ, ಕೈಯಲ್ಲಿ ಫೈಲು ಹಿಡಿದ ಸಾಹೇಬರು ಇಳಿದು, ಕೈ ಮುಗಿದು, ಹಿಂದಿಯಲ್ಲಿ ಕೇಳಿದರು: “ತಾಯಂದಿರೇ, ನಿಮಗೆ ಏನು ಬೇಕು ಹೇಳಿ. ನಾನು ಅದಕ್ಕೇ ಬಂದಿದ್ದೇನೆ.”

ನೀರಿನ ಅಧಿಕಾರಿ ಎಂದು ತಿಳಿಯಲು ಇನ್ನೇನು ಬೇಕು? ನಲವತ್ತು ಕೊಡಗಳು ಅವರ ಸುತ್ತ ಕೋಟೆ ಕಟ್ಟಿದವು.

“ಈಗ ಬಂದ್ರೇನ್ರೀ ಸಾಬ?” “ನಾಕು ದಿನಾ ಆಯ್ತು ಜಳಕಾ ಕಾಣದ!” “ಏ, ಕಾರಿನ ಚಾವಿ ತಗೋರೇ, ಓಡಿ ಹೋಗ್ತಾನ!”

ಡ್ರೈವರನ ಕೈಯಲ್ಲಿದ್ದ ಚಾವಿ ಯಾರದೋ ಸೆರಗಿನ ಗಂಟು ಸೇರಿತು.

ಸಾಹೇಬರು ಮೆತ್ತಗೆ, “ನಾವು ಹಣ ಕೊಡುತ್ತೇವೆ, ಕಡಿಮೆ ಬಡ್ಡಿಗೆ...” ಎಂದರು.

ಮುಂದೆ ನಿಂತಿದ್ದವಳು ಕೊಡವನ್ನು ಅವರ ಮೂಗಿನ ಹತ್ತಿರ ತಂದು ಬೋರಲು ಹಾಕಿ ತೋರಿಸಿದಳು. “ಇದರಾಗ ಬಡ್ಡಿ ಹಿಡೀಲೇನ್ರಿ?”

ಅರ್ಧ ತಾಸಿನ ನಂತರ ಸಾಹೇಬರು ಸೋತರು. ನನ್ನಿಂದ ಖಾಸಗಿ ಟ್ಯಾಂಕರಿನವನ ನಂಬರ್ ತೆಗೆದುಕೊಂಡು, ಸ್ವಂತ ಕಿಸೆಯಿಂದ ಕೊಟ್ಟು, ಎರಡು ಟ್ಯಾಂಕರ್ ತರಿಸಿದರು. ನೀರು ಬಂದ ಮೇಲೆ ಅವರಿಗೆ ಮರ್ಯಾದೆಯೇ ಮರ್ಯಾದೆ. ಕುರ್ಚಿ ಬಂತು, ಚಹಾ ಬಂತು. ನಮ್ಮ ಎದುರುಮನೆಯ ಅಜ್ಜಿ ಪಕ್ಕದಲ್ಲೇ ಕುಳಿತು, ಚೆಂದದ ಬೀದರ ಹಿಂದಿಯಲ್ಲಿ ಅವರಿಗೆ ಓಣಿಯ ಸುದ್ದಿ ಹೇಳತೊಡಗಿದಳು. ನನ್ನ ಕಡೆ ಬೆರಳು ತೋರಿಸಿ ಆಕೆ ಅಂದದ್ದು ಇದು:

“ಇಕಿ ಭಾಳ ಛಲೋ ಹುಡುಗಿ ಸಾಬ. ದಿನಾ ನಮ್ಮ ಜೋಡಿ ಪಾಳಿ ಹಚ್ಚತಾಳ. ಪಾಳ್ಯಾಗ ನಿಂತು ಫೋನಿನ್ಯಾಗ ಯಾವನಿಗೋ ‘ಸಭಾ ನಡದದ, ಸಭಾ ನಡದದ’ ಅಂತ ಸುಳ್ಳು ಬಿಡ್ತಾಳ. ಅವ ಎಂಥಾ ಹುಚ್ಚನೋ ಏನೋ, ನಂಬ್ತಾನಂತ!”

ಹುಚ್ಚ ಎನಿಸಿಕೊಂಡವರು ಚಹಾದ ಕಪ್ಪು ಕೆಳಗಿಟ್ಟರು.

ಕಾರು ಆಫೀಸಿನ ಬಾಗಿಲಿಗೆ ಬಂದು ನಿಂತಿತು. “ತಪ್ಪಾಯಿತು ಸರ್. ರಾಜೀನಾಮೆ ಕೊಡುತ್ತೇನೆ” ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಅಂದರು: “ನೀನು ರಾಜೀನಾಮೆ ಕೊಟ್ಟರೆ ಕಾರಣ ಬರೆಯಬೇಕು. ಕಾರಣ ಬರೆದರೆ ನನ್ನ ಯೋಜನೆ ಎಲ್ಲಿಂದ ಹುಟ್ಟಿತು ಎಂದೂ ಬರೆಯಬೇಕು. ಅದಕ್ಕೆ ನನಗೂ ಪ್ರಶಸ್ತಿ ಬಂದಿದೆ. ಇಳಿ, ಕೆಲಸ ಮಾಡು.”

ಆ ವರ್ಷ ನನ್ನ ಪಗಾರ ಏರಿತು. ಅಪ್ಪನಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕೇಳಿ, “ಸುಳ್ಳು ಹೇಳಿದ್ದಕ್ಕ ನಾ ಆಗಿದ್ರ ಬೆಂಚಿನ ಮ್ಯಾಲ ನಿಲ್ಲಸ್ತಿದ್ದೆ. ನಿಮ್ಮ ಕಂಪನಿಯವರು ಕುರ್ಚಿನೇ ಎತ್ತರ ಮಾಡ್ಯಾರ” ಎಂದು ಮುಖ ತಿರುವಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ಆ ಏರಿದ ಪಗಾರ ನನಗೆ ಏನೂ ಅನ್ನಿಸಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸಾಹೇಬರು ಬಂದ ದಿನ ಅವರ ಡ್ರೈವರ್ ಒಂದು ಫೋಟೊ ತೆಗೆದಿದ್ದ. ಸಾಹೇಬರು ನಡುವೆ, ಸುತ್ತ ನಲವತ್ತು ಹೆಣ್ಣುಮಕ್ಕಳು, ನಲವತ್ತು ಖಾಲಿ ಕೊಡ. ಅದು ಹೇಗೋ ಮುಂಬೈಯ ಇನ್ನೂ ದೊಡ್ಡ ಸಾಹೇಬರ ಕಣ್ಣಿಗೆ ಬಿತ್ತು. ಅವರಿಗೆ ಎಷ್ಟು ಹಿಡಿಸಿತೆಂದರೆ, ತಿಂಗಳೊಳಗೆ 'ಪ್ರಭಾತ ಸಭೆಯ ಫೋಟೊಗಳಲ್ಲಿ ಇನ್ನು ಮುಂದೆ ಬೀದರ ಮಾದರಿಯಂತೆ ಕನಿಷ್ಠ ಒಂದು ಕೊಡ ಕಡ್ಡಾಯವಾಗಿ ಕಾಣತಕ್ಕದ್ದು' ಎಂದು ಎಲ್ಲ ಶಾಖೆಗಳಿಗೂ ಸುತ್ತೋಲೆ ಹೊರಟಿತು.

ಮರುದಿನ ಮಂಗಳೂರಿನವಳ ಫೋನು. “ಮಾರಾಯ್ತಿ, ಇಲ್ಲಿ ಮಳೆ ಹೊಡೀತಾ ಉಂಟು, ಅಂಗಳದಲ್ಲಿ ಮೊಣಕಾಲಿನವರೆಗೆ ನೀರು. ಕೊಡ ಹೇಗೋ ತಂದೆ. ಅದನ್ನು ತುಂಬಿಸಿ ಇಡುದಾ, ಖಾಲಿ ಇಡುದಾ? ಸುತ್ತೋಲೆಯಲ್ಲಿ ಬರೀಲೇ ಇಲ್ಲ.”

“ಖಾಲಿ ಇಡವ್ವ” ಅಂದೆ. “ತುಂಬಿದ ಕೊಡ ಕಂಡ್ರ ಸಾಹೇಬರಿಗಿ ಸಭಾ ಖರೇ ಅನಸಂಗಿಲ್ಲ.”